ಸೂಜಿ ಮಾಡಿಸಿದ ಮೇಲಿನ ಮೂರು ದಿನ

ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದ ಹೆಸರೆತ್ತಿದರೆ ಬಹಳ ಜನಕ್ಕೆ ನೆನಪಾಗುವುದು ಅಲ್ಲಿನ ವಿಭೂತಿ. ಅದು ತಯಾರಾಗುವುದು ಆಕಳ ಸಗಣಿಯಿಂದ. ಹಾಗಾಗಿ ಅಲ್ಲಿ ದನದ ಆರೋಗ್ಯವೆಂದರೆ ಪೂಜೆಯ ಮಾತೂ ಹೌದು. ಸುತ್ತಲಿನ ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಹಳ್ಳಿಗಳಲ್ಲಿ ದನವೆಂದರೆ ಹಾಲು, ಗೊಬ್ಬರ, ಬಿತ್ತನೆ, ಸಾಲದ ಕಂತು. ಪಶು ಇಲಾಖೆಯವರು ಕಾಲುಬಾಯಿ ಬೇನೆಯ ಲಸಿಕೆ ಹಿಡಿದು ಓಣಿಗೆ ಬಂದಾಗ ಇಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ: ‘ಸೂಜಿ ಮಾಡಿಸಿದರ ಹಾಲು ಕಡಿಮಿ ಆಗತೈತ್ರಿ’, ‘ಗಬ್ಬದ ಆಕಳ ಐತಿ, ಕಂದು ಹಾಕಿದರ ಯಾರು ಹೊಣಿ?’ ಇದನ್ನು ತಿಳಿವಳಿಕೆ ಇಲ್ಲದವರ ಹೆದರಿಕೆ ಎಂದು ತಳ್ಳಿಹಾಕುವುದು ರೂಢಿಯಾಗಿದೆ. ನನ್ನ ಮಟ್ಟಿಗೆ ಅದು ತಪ್ಪು. ರೈತ ಕಣ್ಣಾರೆ ಕಂಡಿದ್ದು ಬಹುಪಾಲು ನಿಜ. ಅದಕ್ಕೆ ಅವನು ಕೊಡುವ ಕಾರಣ ಮಾತ್ರ ಕೆಲವೊಮ್ಮೆ ತಪ್ಪಿರುತ್ತದೆ. ‘ಏನೂ ಆಗಲ್ಲ, ಹಿಡೀರಿ’ ಎಂದು ಸೂಜಿ ಚುಚ್ಚಿ ಹೋದವರನ್ನು ಆರು ತಿಂಗಳ ಮೇಲೆ ಯಾರೂ ನಂಬುವುದಿಲ್ಲ.

ಏನಾಗುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡೋಣ. ನಮ್ಮಲ್ಲಿ ಕೊಡುವ ಕಾಲುಬಾಯಿ ಲಸಿಕೆಯಲ್ಲಿ ಒ, ಎ, ಏಷ್ಯಾ-1 ಎಂಬ ಮೂರು ಬಗೆಯ ವೈರಾಣುಗಳಿರುತ್ತವೆ, ಮೂರೂ ಸತ್ತವು. ಸತ್ತ ವೈರಾಣುವನ್ನು ಮೈ ಬೇಗ ಮರೆಯುತ್ತದೆ. ಅದಕ್ಕಾಗಿ ಎಣ್ಣೆಯಲ್ಲಿ ಬೆರೆಸಿ ಕೊಡುತ್ತಾರೆ. ಎಣ್ಣೆ ಕುತ್ತಿಗೆಯ ಮಾಂಸದಲ್ಲಿ ನಿಧಾನ ಕರಗುತ್ತ ಮೈಯ ರಕ್ಷಣಾ ಕಣಗಳನ್ನು ಅಲ್ಲಿಗೆ ಕರೆಯುತ್ತಲೇ ಇರುತ್ತದೆ. ಸೂಜಿ ಬಿದ್ದ ಜಾಗ ಗಂಟು ಕಟ್ಟುವುದು, ಒಂದೆರಡು ದಿನ ಮೈ ಬಿಸಿಯಾಗುವುದು ಈ ಕಾರಣಕ್ಕೆ. ಜ್ವರವಿದ್ದ ದನ ಮೇವು ಕಡಿಮೆ ತಿನ್ನುತ್ತದೆ, ಮೇವು ಕಡಿಮೆಯಾದರೆ ಹಾಲೂ ಇಳಿಯುತ್ತದೆ. ಎರಡು ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನದಲ್ಲಿ ಹಾಲು ಮೊದಲಿನ ಮಟ್ಟಕ್ಕೆ ಬರುತ್ತದೆ. ಗಂಟು ಕರಗಲು ವಾರಗಳೇ ಬೇಕಾಗಬಹುದು. ಗಂಟು ದಿನೇದಿನೇ ದೊಡ್ಡದಾಗಿ, ಮುಟ್ಟಿದರೆ ಬಿಸಿಯಾಗಿ, ಕೀವು ತುಂಬಿದರೆ ಕಥೆ ಬೇರೆ. ಅದು ಹೊಲಸು ಸೂಜಿಯ ಕೆಲಸ, ವೈದ್ಯರಿಗೆ ತೋರಿಸಲೇಬೇಕು.

ಒಂದರ ಹಿಂದೆ ಇನ್ನೊಂದು ನಡೆದರೆ ಮೊದಲಿನದೇ ಕಾರಣ ಎಂದುಕೊಳ್ಳುವುದು ಮನುಷ್ಯನ ಸ್ವಭಾವ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಈ ಗೊಂದಲಕ್ಕೆ ಎಲ್ಲ ಅನುಕೂಲವೂ ಇತ್ತು. ಆಗ ಹಾಕಿದ್ದು ಮೇಕೆ ಸಿಡುಬಿನ ಜೀವಂತ, ಆದರೆ ಬಲಗುಂದಿಸಿದ ವೈರಾಣುವಿನ ಲಸಿಕೆ. ಅದು ಪೂರ್ತಿ ರಕ್ಷಣೆ ಕೊಡಲು ಸುಮಾರು ಮೂರು ವಾರ ಬೇಕು. ರೋಗವಾದರೋ ಮೈ ಸೇರಿದ ಮೇಲೆ ಹೊರಗೆ ಕಾಣಲು ವಾರಗಟ್ಟಲೆ ಹಿಡಿಯಬಹುದು, ಅದನ್ನು ಹರಡುವ ನೊಣ, ಸೊಳ್ಳೆ, ಉಣ್ಣೆ ಕೊಟ್ಟಿಗೆಯಲ್ಲೇ ಇರುತ್ತವೆ. ಪಕ್ಕದ ಊರಿಗೆ ರೋಗ ಬಂದ ಮೇಲೆ ಲಸಿಕೆಗೆ ಓಡಿದವರ ದನಗಳಲ್ಲಿ ಕೆಲವು ಆಗಲೇ ಸೋಂಕು ಹೊತ್ತಿದ್ದವು. ಸೂಜಿ ಬಿದ್ದ ವಾರಕ್ಕೆ ಗಂಟು ಎದ್ದರೆ ಮಾಲೀಕನ ಕಣ್ಣಿಗೆ ಕಂಡದ್ದು ಸೂಜಿ ಮಾತ್ರ. ಇಂಥಲ್ಲಿ ಇನ್ನೊಂದು ಅನುಮಾನ ಮಾತ್ರ ನ್ಯಾಯವಾದದ್ದು: ಒಂದೇ ಸೂಜಿಯಲ್ಲಿ ಹತ್ತು ದನಕ್ಕೆ ಚುಚ್ಚಿದರೆ ರೋಗ ಸೂಜಿಯ ಜೊತೆಗೇ ದಾಟಬಹುದು. ದನಕ್ಕೊಂದು ಹೊಸ ಸೂಜಿ ಕೇಳುವುದು ರೈತನ ಹಕ್ಕು.

ಕಂದು ಹಾಕುವುದರ ಲೆಕ್ಕವೂ ಹೀಗೇ ಸಿಕ್ಕುಸಿಕ್ಕು. ಬ್ರುಸೆಲ್ಲಾದಂಥ ಸೋಂಕು, ಬಿಸಿಲಿನ ಬೇಗೆ, ಪೆಟ್ಟು, ಬೂಸಲು ಹಿಡಿದ ಮೇವು, ಯಾವುದರಿಂದಲೂ ಗರ್ಭ ಹೋಗಬಹುದು. ಲಸಿಕೆ ಕೊಡದ ಕೊಟ್ಟಿಗೆಯಲ್ಲೂ ಅದು ನಡೆಯುತ್ತದೆ. ಹಾಗೆಂದು ಲಸಿಕೆಯ ದಿನಕ್ಕೆ ಇದರಲ್ಲಿ ಪಾಲೇ ಇಲ್ಲ ಎನ್ನಲಾಗದು. ದಿನ ತುಂಬಿದ ಆಕಳನ್ನು ನಾಲ್ಕು ಜನ ಹಗ್ಗ ಹಾಕಿ ಕೆಡವಿ, ಬೊಬ್ಬೆ ಹೊಡೆದು ಚುಚ್ಚಿದರೆ ಔಷಧಿಗಿಂತ ಆ ಗಾಬರಿಯೇ ಕೇಡು ಮಾಡೀತು. ಅಂಥ ಆಕಳನ್ನು ಬಿಟ್ಟು, ಈದ ಮೇಲೆ ಹಾಕಿಸುವುದು ಜಾಣತನ. ಬ್ರುಸೆಲ್ಲಾದ ಲಸಿಕೆಯನ್ನಂತೂ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಮಾತ್ರ ಹಾಕುತ್ತಾರೆ, ಗಬ್ಬದ ಆಕಳಿಗೆ ಹಾಕುವುದಿಲ್ಲ. ಎಲ್ಲ ಲಸಿಕೆಯನ್ನೂ ಒಂದೇ ತಕ್ಕಡಿಗೆ ಹಾಕಿ ಹೆದರುವುದಾಗಲಿ, ಹೊಗಳುವುದಾಗಲಿ ಸರಿಯಲ್ಲ.

‘ಮೂರು ದಿನದ ಹಾಲು ನಿಮಗೆ ಸಣ್ಣದು, ನಮಗಲ್ಲ’ ಎನ್ನುವ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಎರಡು ಆಕಳಿನ ಮೇಲೆ ಸಂಸಾರ ನಡೆಸುವವರಿಗೆ ಅದು ನಿಜವಾದ ನಷ್ಟ, ಅದನ್ನು ಯಾರೂ ತುಂಬಿಕೊಡುವುದಿಲ್ಲ. ಆದರೆ ಕಾಲುಬಾಯಿ ಬೇನೆ ಹೊಕ್ಕರೆ ಬಾಯಿಹುಣ್ಣಿನ ಆಕಳು ವಾರಗಟ್ಟಲೆ ಮೇವು ಬಿಡುತ್ತದೆ, ಎಷ್ಟೋ ಆಕಳು ಮತ್ತೆ ಹಳೇ ಮಟ್ಟದ ಹಾಲಿಗೆ ಬರುವುದೇ ಇಲ್ಲ. ಗೊರಸು ಒಡೆದ ಎತ್ತು ಮುಂಗಾರಿನಲ್ಲಿ ನೊಗಕ್ಕೆ ಹೆಗಲು ಕೊಡದು. ಎಳೆಗರುಗಳಲ್ಲಿ ವೈರಾಣು ಹೃದಯದ ಸ್ನಾಯುವಿಗೇ ಇಳಿಯುವುದರಿಂದ ಕರು ನಿಂತಲ್ಲೇ ಬಿದ್ದು ಸಾಯುತ್ತದೆ. 2013ರಲ್ಲಿ ಈ ಬೇನೆ ರಾಜ್ಯದಲ್ಲಿ ಸಾವಿರಾರು ದನಗಳನ್ನು ಕೊಂದಿತು. ‘ಹಾಕಿಸಿದರೂ ಬಂತಲ್ಲ’ ಎನ್ನುವವರ ಮಾತಿನಲ್ಲೂ ಹುರುಳಿದೆ. ಈ ಲಸಿಕೆಯ ಬಲ ಆರು ತಿಂಗಳಿನದು. ಮೊದಲ ಸಲ ಹಾಕಿದ ಕರುವಿಗೆ ತಿಂಗಳೊಳಗೆ ಇನ್ನೊಂದು ಬೇಕು. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡದೆ ಬಾಗಲಕೋಟೆಯ ಬೇಸಿಗೆಯಲ್ಲಿ ತಿರುಗಿಸಿದ ಬಾಟಲಿಯಲ್ಲಿ ಬಲ ಉಳಿಯದು.

ಮತ್ತೆ ಅಡ್ಡಪರಿಣಾಮದ ಮಾತಿಗೆ ಬಂದರೆ, ಅದು ಎಲ್ಲ ಪ್ರಾಣಿಗೂ ಒಂದೇ ತೂಕದ್ದಲ್ಲ. ಬ್ರಿಟನ್ನಿನಲ್ಲಿ ಮನೆಯ ಮೊಲಗಳಿಗೂ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುತ್ತಾರೆ. ಅಲ್ಲೂ ಗಂಟು, ಮಂಕುತನ ಇದ್ದದ್ದೇ. ಆದರೆ ಮೊಲ ಅರ್ಧ ದಿನ ಮೇವು ಮುಟ್ಟದಿದ್ದರೆ ಅದರ ಕರುಳು ನಿಲ್ಲುವ ಅಪಾಯವಿದೆ, ಕಾಯುತ್ತ ಕೂರುವಂತಿಲ್ಲ. ಆಕಳಿಗೆ ಒಂದು ದಿನ ಕಾಯಬಹುದು, ಒಂದು ಸಂದರ್ಭ ಬಿಟ್ಟು: ಸೂಜಿ ಬಿದ್ದ ಕೆಲವೇ ನಿಮಿಷದಲ್ಲಿ ಮುಖ ಊದಿ, ಜೊಲ್ಲು ಸುರಿದು, ಏದುಸಿರು ಬಿಟ್ಟು ಕುಸಿಯುವುದು. ಅಪರೂಪ, ಆದರೆ ಕೈಯಲ್ಲಿ ಅಡ್ರಿನಲಿನ್ ಇದ್ದವರು ಅಲ್ಲೇ ಇದ್ದರೆ ಮಾತ್ರ ದನ ಉಳಿಯುವ ಆಸೆ ಇಡಬಹುದು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ, ಆದರೆ ಅಷ್ಟು ಬೇಗ ಬರಲಾರದು. ಅದಕ್ಕೇ ಓಣಿಯ ಕೊನೆಯ ದನಕ್ಕೆ ಸೂಜಿ ಹಾಕಿದ ಮೇಲೂ ತಂಡ ಅರ್ಧ ಗಂಟೆ ಅಲ್ಲೇ ಇರಬೇಕು. ಆ ಹೊತ್ತಿನಲ್ಲಿ ಬಾಟಲಿಯ ಮೇಲಿನ ಬ್ಯಾಚ್ ನಂಬರನ್ನು ಮಾಲೀಕರಿಗೆ ಬರೆದುಕೊಟ್ಟು, ನಾಳೆ ಹಾಲು ಇಳಿಯುತ್ತದೆ ಎಂದು ತಂಡದವರೇ ಮೊದಲು ಹೇಳಲಿ.