ವರ್ಷದ ವಂತಿಗೆ, ಗೋಡೆಯ ಮೇಲಿನ ಹೆಸರು

ಪುಣೆಯ ಫರ್ಗ್ಯುಸನ್ ಕಾಲೇಜು ಹೊತ್ತಿರುವುದು ಮುಂಬಯಿ ಗವರ್ನರ್ ಸರ್ ಜೇಮ್ಸ್ ಫರ್ಗ್ಯುಸನ್ ಅವರ ಹೆಸರನ್ನು. 1885ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ ತೆರೆದ ಈ ಕಾಲೇಜಿಗೆ ಅವರು ಕೊಟ್ಟ ದೇಣಿಗೆ 1,200 ರೂಪಾಯಿ. ಮುಂದೆ ಬೇಂದ್ರೆ ಓದಿದ, ಗೋಕಾಕರು ಪಾಠ ಹೇಳಿದ ಆ ಕಾಲೇಜು ಮೊದಲ ದಶಕಗಳಲ್ಲಿ ನಿಂತದ್ದು ಅಧ್ಯಾಪಕರ ತ್ಯಾಗದ ಬಲದ ಮೇಲೆ. ಸೊಸೈಟಿಯ ಆಜೀವ ಸದಸ್ಯರಾದವರು ಇಪ್ಪತ್ತು ವರ್ಷ ಅಲ್ಪ ಸಂಬಳಕ್ಕೆ ದುಡಿಯುವುದಾಗಿ ಮಾತು ಕೊಡುತ್ತಿದ್ದರು. ಗೋಪಾಲಕೃಷ್ಣ ಗೋಖಲೆ ಒಪ್ಪಿಕೊಂಡದ್ದು ತಿಂಗಳಿಗೆ 75 ರೂಪಾಯಿ. ಬಿಟ್ಟುಕೊಟ್ಟ ಆ ಸಂಬಳವೇ ಕಾಲೇಜಿಗೆ ಪ್ರತಿವರ್ಷ ಸಂದ ದೇಣಿಗೆ ಎಂದು ನಾನು ಎಣಿಸುತ್ತೇನೆ.

ದೊಡ್ಡ ದೇಣಿಗೆಗೆ ಹೆಸರಿಡುವುದು ಪುಣೆಯ ಹಳೆಯ ರೂಢಿ. 1916ರಲ್ಲಿ ನ್ಯೂ ಪೂನಾ ಕಾಲೇಜ್ ಎಂದು ಶುರುವಾದದ್ದು ಮುಂದೆ ಸರ್ ಪರಶುರಾಮಭಾವು ಕಾಲೇಜಾಯಿತು. ಅದಕ್ಕೆ ಕಾರಣ ಜಮಖಂಡಿ ಸಂಸ್ಥಾನದ ದೊರೆ ಕೊಟ್ಟ ಹಣ. ಇಂದಿಗೆ ಬಾಗಲಕೋಟೆ ಜಿಲ್ಲೆಗೆ ಸೇರಿದ ನಮ್ಮ ಜಮಖಂಡಿ ಅದು. ಸಮಾಜ ಸುಧಾರಕ ಕರ್ವೆಯವರ ಮಹಿಳಾ ವಿಶ್ವವಿದ್ಯಾಲಯಕ್ಕೆ 1920ರಲ್ಲಿ 15 ಲಕ್ಷ ಕೊಟ್ಟ ಸರ್ ವಿಠ್ಠಲದಾಸ್ ಠಾಕರ್ಸಿ ಅದಕ್ಕೆ ತಮ್ಮ ತಾಯಿ ನಾಥಿಬಾಯಿಯ ಹೆಸರಿಡಿಸಿದರು. ಹೆಸರಿನ ಆಸೆಯಲ್ಲಿ ತಪ್ಪೇನಿಲ್ಲ. ಕೊಟ್ಟವರನ್ನು ನೆನೆಯುವುದು ಪಡೆದವರ ಕರ್ತವ್ಯ.

ಆದರೆ ಕಟ್ಟಡಕ್ಕೆ ಕೊಟ್ಟ ದುಡ್ಡಿನಲ್ಲಿ ಬಡ ವಿದ್ಯಾರ್ಥಿಯ ಶುಲ್ಕ ಕಟ್ಟಲಾಗದು. ದತ್ತಿನಿಧಿಗೂ ಅದರದೇ ಮಿತಿಯಿದೆ. ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಖರ್ಚು ಮಾಡಬೇಕು. ಶೇಕಡಾ 7ರ ಬಡ್ಡಿಗೆ ಒಂದು ಲಕ್ಷ ಇಟ್ಟರೆ ವರ್ಷಕ್ಕೆ 7,000 ಬರುತ್ತದೆ. ಅಷ್ಟನ್ನೂ ಬಹುಮಾನವಾಗಿ ಹಂಚಿಬಿಟ್ಟರೆ ಬೆಲೆಯೇರಿಕೆ ಅಸಲನ್ನು ತಿನ್ನುತ್ತಾ ಹೋಗುತ್ತದೆ. ಐವತ್ತು ವರ್ಷದ ಹಿಂದೆ ಯಾರೋ ಪ್ರೀತಿಯಿಂದ ಇಟ್ಟ ಐನೂರು ರೂಪಾಯಿಗೆ ಇದೇ ದರದಲ್ಲಿ ಸಿಗುವ ಬಡ್ಡಿ 35 ರೂಪಾಯಿ. ಒಂದು ಪುಸ್ತಕವೂ ಬರುವುದಿಲ್ಲ. ಆದ್ದರಿಂದ ಬಡ್ಡಿಯ ಒಂದು ಪಾಲನ್ನು ಅಸಲಿಗೆ ಮರಳಿ ಸೇರಿಸುವ ಷರತ್ತನ್ನು ದತ್ತಿಪತ್ರದಲ್ಲೇ ಬರೆಸಬೇಕು. ಹಣ ಮೂಲನಿಧಿಗೆ ಎಂಬುದನ್ನೂ ಲಿಖಿತವಾಗಿ ತಿಳಿಸಬೇಕು. ಇಲ್ಲದಿದ್ದರೆ ಅದು ಸಾಮಾನ್ಯ ಜಮೆಗೆ ಸೇರುತ್ತದೆ.

ಹಳೆಯ ವಿದ್ಯಾರ್ಥಿಗಳು ವರ್ಷವರ್ಷ ಕೊಡುವ ಸಾವಿರ, ಎರಡು ಸಾವಿರಕ್ಕೆ ಈ ಕಟ್ಟುಪಾಡುಗಳಿಲ್ಲ. ಪ್ರಯೋಗಾಲಯದ ಗಾಜಿಗೋ ಗ್ರಂಥಾಲಯದ ಪತ್ರಿಕೆಗಳಿಗೋ ಹಾಸ್ಟೆಲ್ ಊಟಕ್ಕೋ, ಆ ವರ್ಷ ಎಲ್ಲಿ ಕೊರತೆಯೋ ಅಲ್ಲಿಗೆ ಅದು ಸಲ್ಲುತ್ತದೆ. ಸಣ್ಣ ಕಲಾ ಕಾಲೇಜಿಗೆ ಇದಕ್ಕಿಂತ ಉಪಯೋಗದ ಹಣ ಇನ್ನೊಂದಿಲ್ಲ. ಅಮೃತಶಿಲೆಯ ಫಲಕಕ್ಕೆ ಏರದ ಹೆಸರುಗಳೂ ಈ ದಾನಿಗಳವೇ. ಇವರಿಗೆ ಸಲ್ಲಬೇಕಾದ ಗೌರವಕ್ಕೆ ಹೆಚ್ಚು ಖರ್ಚಿಲ್ಲ: ತಕ್ಷಣ ರಸೀದಿ, ಪ್ರಾಂಶುಪಾಲರ ಸಹಿಯುಳ್ಳ ಪತ್ರ, ಹಣ ಎಲ್ಲಿ ಹೋಯಿತೆಂಬ ಲೆಕ್ಕ, ವಾರ್ಷಿಕ ಸಂಚಿಕೆಯಲ್ಲಿ ಮೊತ್ತ ನಮೂದಿಸದೆ ಅಕಾರಾದಿಯಾಗಿ ಹೆಸರು. ಹತ್ತು ವರ್ಷ ಬಿಡದೆ ಕೊಟ್ಟವರನ್ನು ಬೇರೆಯಾಗಿ ಗುರುತಿಸಿದರೆ ಇನ್ನೂ ಚೆಂದ. ಹೆಸರು ಬೇಡವೆಂದವರ ಮಾತನ್ನೂ ನಡೆಸಿಕೊಡಬೇಕು. ಆದರೆ ಅವರ ವಿವರ ಕಾಲೇಜಿನ ಲೆಕ್ಕಪುಸ್ತಕದಲ್ಲಿ ಇರಲೇಬೇಕು.

ತೆರಿಗೆಯ ಮಾತು. ಜನ ‘80ಜಿ’ ಎಂದೇ ಕರೆಯುವ ಮಾನ್ಯತೆ ಕಾಲೇಜಿಗಿದ್ದರೆ, ಸಾಮಾನ್ಯವಾಗಿ ದೇಣಿಗೆಯ ಅರ್ಧದಷ್ಟು, ಒಂದು ಮಿತಿಯೊಳಗೆ, ನಿಮ್ಮ ಆದಾಯದಿಂದ ಕಳೆಯುತ್ತದೆ. ಇದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟರೆ ಈ ಲಾಭವಿಲ್ಲ. ಚೆಕ್ ಅಥವಾ ಯುಪಿಐ ಮೂಲಕವೇ ಕೊಡಿ. ಬರೀ ರಸೀದಿಯೂ ಸಾಲದು. ಕಾಲೇಜು ಇಲಾಖೆಗೆ ದಾನಿಗಳ ವಿವರ ಸಲ್ಲಿಸಿದ ಮೇಲೆ ಸಿಗುವ ಪ್ರಮಾಣಪತ್ರ ಬೇಕು, ಅದಕ್ಕಾಗಿ ಪ್ಯಾನ್ ಸಂಖ್ಯೆ ಕೊಟ್ಟಿರಬೇಕು.

ಹೊರದೇಶದಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ ಇದ್ದರೂ, ವಿದೇಶಿ ದಾನಿಗಳೇ. ಅವರಿಂದ ಹಣ ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ.

ನೀವು ಓದಿದ ಕಾಲೇಜಿನ ಕಚೇರಿಗೆ ಈ ವಾರವೇ ಒಂದು ಕಾಗದ ಬರೆಯಿರಿ. ಈ ವರ್ಷ ಯಾವ ಖರ್ಚಿಗೆ ಹಣ ಸಾಲುತ್ತಿಲ್ಲ ಎಂದು ಕೇಳಿ, ಕೈಲಾದಷ್ಟನ್ನು ಅದಕ್ಕೇ ಕೊಡಿ. ಮುಂದಿನ ವರ್ಷವೂ ಕೊಡಿ.