'ಕರೆಂಟ್' ಕೋಣೆಯ ಹಿಂದಿನ ವಿದ್ಯೆ: ವೈದ್ಯಕೀಯ ಭೌತವಿಜ್ಞಾನದಲ್ಲಿ ಡಾಕ್ಟರೇಟ್

ಊರಿನಿಂದ ಬಂಧುವೊಬ್ಬರು ಬಂದು, ತಿಂಗಳೊಪ್ಪತ್ತು ಉಳಿದು, ಪ್ರತಿದಿನ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿಬಂದ ನೆನಪಿಲ್ಲದ ಕನ್ನಡಿಗರ ಮನೆ ಮುಂಬಯಿಯಲ್ಲಿ ವಿರಳ. "ಕರೆಂಟ್ ಕೊಡಿಸಲು ಬಂದಿದ್ದಾರೆ" ಎಂದು ನಾವು ನೆರೆಯವರಿಗೆ ತಗ್ಗಿದ ದನಿಯಲ್ಲಿ ಹೇಳುತ್ತೇವೆ. ಅದು ವಿದ್ಯುತ್ತಲ್ಲ, ಶಕ್ತಿಯುತ ಕ್ಷ-ಕಿರಣಗಳಿಂದ ಗಡ್ಡೆಯನ್ನು ನಾಶಪಡಿಸುವ ವಿಕಿರಣ ಚಿಕಿತ್ಸೆ. ಚಿಕಿತ್ಸೆಯನ್ನು ವಿಧಿಸಿದ ವೈದ್ಯರ ಹೆಸರು ನಮಗೆ ಗೊತ್ತು. ರೋಗಿಯನ್ನು ಮೇಜಿನ ಮೇಲೆ ಮಲಗಿಸುವ ತಂತ್ರಜ್ಞರ ಮುಖಪರಿಚಯವೂ ಆಗಿರುತ್ತದೆ. ಆದರೆ ಕಿರಣವು ಯಾವ ದಿಕ್ಕಿನಿಂದ, ಯಾವ ಆಕಾರದಲ್ಲಿ, ಎಷ್ಟು ಪ್ರಮಾಣದಲ್ಲಿ ದೇಹವನ್ನು ಹೊಗಬೇಕೆಂದು ಲೆಕ್ಕ ಹಾಕಿ, ಯಂತ್ರವು ಆ ಲೆಕ್ಕದಂತೆಯೇ ನಡೆಯುತ್ತಿದೆಯೇ ಎಂದು ಅಳೆದು ನೋಡಿದವರು ಯಾರೆಂಬುದು ನಮಗೆ ತಿಳಿಯುವುದೇ ಇಲ್ಲ. ಅವರೇ ವೈದ್ಯಕೀಯ ಭೌತವಿಜ್ಞಾನಿಗಳು.

ಭೌತವಿಜ್ಞಾನವನ್ನು ಓದಿದ ನಮ್ಮ ಮಕ್ಕಳಲ್ಲಿ ಕೆಲವರು ಈ ಕ್ಷೇತ್ರದತ್ತ ಒಲವು ತೋರುತ್ತಿದ್ದಾರೆ. "ಇದರಲ್ಲಿ ಪಿಎಚ್.ಡಿ. ಮಾಡಿದರೆ ಆಸ್ಪತ್ರೆಯಲ್ಲಿ ಕೆಲಸ ಸಿಗುವುದೇ?" ಎಂಬುದು ಪಾಲಕರ ಮೊದಲ ಪ್ರಶ್ನೆ. ಅದರ ಉತ್ತರ ಬಹುತೇಕರು ಭಾವಿಸಿರುವಂತೆ ಇಲ್ಲ. ಆದುದರಿಂದ ಈ ವಿದ್ಯೆಯ ಸ್ವರೂಪವನ್ನೂ ಅದರ ಮೆಟ್ಟಿಲುಗಳ ಕ್ರಮವನ್ನೂ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಅಳತೆಯೇ ಪ್ರಾಣ

1895ರ ನವೆಂಬರ್ 8ರಂದು ಜರ್ಮನಿಯಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ರಾಂಟ್ಜನ್ ವೈದ್ಯರಲ್ಲ, ಭೌತವಿಜ್ಞಾನಿ. ಮರುವರ್ಷವೇ ವೈದ್ಯರು ಅವನ್ನು ಚಿಕಿತ್ಸೆಗೂ ಬಳಸತೊಡಗಿದರು. ಎಷ್ಟು ಕೊಟ್ಟರೆ ಗುಣ, ಎಷ್ಟು ಮೀರಿದರೆ ಹಾನಿ ಎಂದು ಅಳೆಯುವ ಬಗೆ ತಿಳಿಯದೆ ಆ ಕಾಲದ ಅನೇಕ ವೈದ್ಯರೂ ರೋಗಿಗಳೂ ಸುಟ್ಟಗಾಯಗಳಿಂದ ನರಳಿದರು. ಆ ಅಳತೆಯ ಅಗತ್ಯದಿಂದಲೇ ವೈದ್ಯಕೀಯ ಭೌತವಿಜ್ಞಾನ ಹುಟ್ಟಿತು. 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಈ ಕಾರ್ಯಕ್ಕೆ ಅಡಿಪಾಯ ಹಾಕಿದವರು ಡಾ. ರಾಮಯ್ಯ ನಾಯ್ಡು. ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿ ಅವರ ಬಳಿ ಕೆಲಸ ಮಾಡಿ ಬಂದ ಅವರನ್ನು ಭಾರತದ ಪ್ರಥಮ ವೈದ್ಯಕೀಯ ಭೌತವಿಜ್ಞಾನಿಯೆಂದು ಗೌರವಿಸಲಾಗುತ್ತದೆ.

ಅಳತೆಯ ಸೂಕ್ಷ್ಮತೆಗೆ ಒಂದು ಉದಾಹರಣೆ. ದೇಹ ಹೀರಿಕೊಳ್ಳುವ ವಿಕಿರಣದ ಪ್ರಮಾಣವನ್ನು 'ಗ್ರೇ' ಎಂಬ ಮಾನದಲ್ಲಿ ಹೇಳುತ್ತಾರೆ. ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ 5 ದಿನ, 7 ವಾರಗಳಲ್ಲಿ ಒಟ್ಟು 70 ಗ್ರೇ ಕೊಡಲಾಗುತ್ತದೆ. ಅಲ್ಲಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುವ ಬೆನ್ನುಹುರಿಗೆ ಸುಮಾರು 45 ಗ್ರೇ ಮೀರದಂತೆ ಕಾಯಬೇಕು. ಗಡ್ಡೆಗೆ ಕಡಿಮೆಯಾದರೆ ರೋಗ ಮರುಕಳಿಸೀತು. ಹುರಿಗೆ ಹೆಚ್ಚಾದರೆ ಕೈಕಾಲುಗಳ ಬಲವೇ ಹೋದೀತು. ಗಡ್ಡೆಯನ್ನು ತಲುಪುವ ಪ್ರಮಾಣವು ವಿಧಿಸಿದ್ದಕ್ಕಿಂತ ನೂರಕ್ಕೆ 5ರಷ್ಟು ಮಾತ್ರ ಹೆಚ್ಚುಕಡಿಮೆಯಾಗಬಹುದೆಂಬ ಅಂತರರಾಷ್ಟ್ರೀಯ ಶಿಫಾರಸು 1976ರಷ್ಟು ಹಳೆಯದು. ಆ ಗಡಿಯನ್ನು ಪ್ರತಿದಿನ ಕಾಯುವುದೇ ಈ ವಿಜ್ಞಾನಿಗಳ ಕಾಯಕ.

ಪದವಿ ಬೇರೆ, ಅರ್ಹತೆ ಬೇರೆ

ನಮ್ಮ ಬಳಗದ ಕುಟುಂಬವೊಂದರ ಮಗ ಎಂ.ಎಸ್‌ಸಿ. ಮುಗಿದೊಡನೆ ನೇರವಾಗಿ ಸಂಶೋಧನೆಗೆ ಸೇರಿದ. ವಿಕಿರಣ ಮಾಪನದ ಮೇಲೆ ಐದು ವರ್ಷ ಶ್ರಮಿಸಿ ಡಾಕ್ಟರೇಟ್ ಪಡೆದಾಗ ಮನೆಯಲ್ಲಿ ಹಬ್ಬದ ಸಂಭ್ರಮ. ಆಸ್ಪತ್ರೆಯೊಂದಕ್ಕೆ ಅರ್ಜಿ ಸಲ್ಲಿಸಿದಾಗಲೇ ಆ ಹುದ್ದೆಗೆ ತಾನು ಅರ್ಹನಲ್ಲವೆಂಬುದು ತಿಳಿದದ್ದು. ಮೂವತ್ತರ ಅಂಚಿನಲ್ಲಿ ಆತ ತನಗಿಂತ ಬಹಳ ಕಿರಿಯರ ಜೊತೆ ಮತ್ತೆ ಡಿಪ್ಲೊಮಾ ತರಗತಿಯಲ್ಲಿ ಕುಳಿತ. ಅವನ ದುಡಿಮೆಯಲ್ಲಿ ಕೊರತೆಯಿರಲಿಲ್ಲ. ಕ್ರಮವನ್ನು ಹೇಳುವವರಿರಲಿಲ್ಲ, ಅಭಿನಂದಿಸಲು ನೆರೆದ ನಾವೂ ಮೊದಲೇ ವಿಚಾರಿಸಿರಲಿಲ್ಲ.

ನಮ್ಮ ದೇಶದಲ್ಲಿ ವಿಕಿರಣ ಚಿಕಿತ್ಸೆಯ ಸುರಕ್ಷತೆಯನ್ನು ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅದು ಒಪ್ಪುವ ದಾರಿಗಳು ಎರಡು. ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಮುಗಿಸಿ ವಿಕಿರಣ ಭೌತವಿಜ್ಞಾನದ ಸ್ನಾತಕೋತ್ತರ ಡಿಪ್ಲೊಮಾ ಪಡೆಯುವುದು ಒಂದು, ಬಿ.ಎಸ್‌ಸಿ.ಯ ಬಳಿಕ ವೈದ್ಯಕೀಯ ಭೌತವಿಜ್ಞಾನದಲ್ಲಿಯೇ ಎಂ.ಎಸ್‌ಸಿ. ಮಾಡುವುದು ಇನ್ನೊಂದು. ಎರಡರಲ್ಲಿಯೂ ಮಾನ್ಯತೆ ಪಡೆದ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ವಿಕಿರಣ ಸುರಕ್ಷಾಧಿಕಾರಿಯಾಗಲು ಪ್ರತ್ಯೇಕ ಪರೀಕ್ಷೆಯೂ ಉಂಟು. ಪಿಎಚ್.ಡಿ. ಇವುಗಳಲ್ಲಿ ಯಾವುದಕ್ಕೂ ಬದಲಿಯಲ್ಲ.

ಡಿಪ್ಲೊಮಾ ತರಬೇತಿಯಲ್ಲಿ ಹಿರಿಯದು ಚೆಂಬೂರಿನಾಚೆಯ ಅಣುಶಕ್ತಿನಗರದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವು 1962ರಲ್ಲಿ ಆರಂಭಿಸಿದ ಒಂದು ವರ್ಷದ ಶಿಕ್ಷಣ. ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ, ಹೈದರಾಬಾದಿನ ಉಸ್ಮಾನಿಯಾ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಮಣಿಪಾಲ ಮೊದಲಾದೆಡೆ ಈ ವಿದ್ಯೆಯ ಸ್ನಾತಕೋತ್ತರ ಕಲಿಕೆ ಬೆಳೆದುಬಂದಿದೆ. ಪ್ರವೇಶಶುಲ್ಕ ತೆರುವ ಮುನ್ನ ಸಂಸ್ಥೆಯ ಹೆಸರು ಆ ವರ್ಷದ ಮಂಡಳಿಯ ಮಾನ್ಯತಾಪಟ್ಟಿಯಲ್ಲಿದೆಯೇ ಎಂದು ಸ್ವತಃ ನೋಡಿಕೊಳ್ಳುವುದು ಒಳಿತು.

ಹಾಗಾದರೆ ಡಾಕ್ಟರೇಟ್ ಏಕೆ?

ಇದಕ್ಕೆ ಉತ್ತರವನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಒಂದು ಪ್ರಸಂಗ ಕೊಡುತ್ತದೆ. 1956ರಲ್ಲಿ ಅಲ್ಲಿಯ ಗ್ರೋಟ್ ಶೂರ್ ಆಸ್ಪತ್ರೆಯ ಭೌತವಿಜ್ಞಾನಿ ಹುದ್ದೆ ಬಿಟ್ಟರು. ವಿಕಿರಣಶೀಲ ವಸ್ತುಗಳ ಬಳಕೆಗೆ ಅರ್ಹ ಭೌತವಿಜ್ಞಾನಿಯ ಮೇಲ್ವಿಚಾರಣೆ ಇರಲೇಬೇಕೆಂಬುದು ಕಾನೂನು. ವಿಶ್ವವಿದ್ಯಾಲಯದ ಅಧ್ಯಾಪಕ ಆಲನ್ ಕಾರ್ಮಕ್ ವಾರಕ್ಕೆ ಒಂದೂವರೆ ದಿನ ಆಸ್ಪತ್ರೆಗೆ ಹೋಗಲು ಒಪ್ಪಿದರು. ಅಲ್ಲಿ ದೇಹದ ಒಳಭಾಗವೆಲ್ಲ ಒಂದೇ ಸಾಂದ್ರತೆಯದೆಂದು ಭಾವಿಸಿ ಕಿರಣದ ಲೆಕ್ಕ ಹಾಕುತ್ತಿದ್ದುದನ್ನು ಕಂಡರು. ಎಲುಬು, ಶ್ವಾಸಕೋಶ, ಮಾಂಸ ಕಿರಣವನ್ನು ಬೇರೆ ಬೇರೆಯಾಗಿ ಹೀರುತ್ತವೆ. ಹೊರಗಿನಿಂದಲೇ ಅಳೆದು ಒಳಗಿನ ಈ ವ್ಯತ್ಯಾಸವನ್ನು ತಿಳಿಯಲಾದೀತೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಗಣಿತದ ಉತ್ತರವನ್ನು 1963 ಮತ್ತು 1964ರಲ್ಲಿ ಪ್ರಕಟಿಸಿದಾಗ ಗಮನಿಸಿದವರು ವಿರಳ. ಅದೇ ಮುಂದೆ ಸಿ.ಟಿ. ಸ್ಕ್ಯಾನಿನ ತಳಹದಿಯಾಯಿತು. 1979ರಲ್ಲಿ ಕಾರ್ಮಕ್ ಹಾಗೂ ಇಂಗ್ಲೆಂಡಿನ ಎಂಜಿನಿಯರ್ ಹೌನ್ಸ್‌ಫೀಲ್ಡ್ ವೈದ್ಯಶಾಸ್ತ್ರದ ನೊಬೆಲ್ ಪಡೆದರು. ಇಬ್ಬರೂ ಪಿಎಚ್.ಡಿ. ಪಡೆದವರಲ್ಲವೆಂಬುದು ಗಮನಾರ್ಹ.

ಪಿಎಚ್.ಡಿ. ಬೇಡವೆಂದು ಇದರಿಂದ ತಿಳಿಯಬೇಕಾಗಿಲ್ಲ. ಒಳ್ಳೆಯ ಸಂಶೋಧನೆಯ ಪ್ರಶ್ನೆ ಆಸ್ಪತ್ರೆಯ ಕೋಣೆಯಲ್ಲಿ ಹುಟ್ಟುತ್ತದೆ, ಅದನ್ನು ಬಿಡಿಸಲು ಪ್ರಯೋಗಾಲಯವೂ ಗಣಿತವೂ ಬೇಕಾಗುತ್ತವೆ ಎಂಬುದೇ ಅದರ ಸಾರ. ಇಂದಿನ ಮಹಾಪ್ರಬಂಧಗಳ ವಿಷಯಗಳೂ ಹಾಗೆಯೇ. ಉಸಿರಿನೊಡನೆ ಶ್ವಾಸಕೋಶದ ಗಡ್ಡೆ ಸರಿದಾಡುವಾಗ ಕಿರಣವನ್ನು ಅದರ ಮೇಲೆಯೇ ನಿಲ್ಲಿಸುವುದು ಹೇಗೆ? ಮಿದುಳಿನ ಸಣ್ಣ ಗಡ್ಡೆಗೆ ಬಿಡುವ ಕಿರಣಪುಂಜವು ಅಳೆಯುವ ಉಪಕರಣಕ್ಕಿಂತಲೂ ಕಿರಿದಾಗಿದ್ದರೆ ಅಳತೆ ತಪ್ಪಿ ಕಡಿಮೆ ತೋರುತ್ತದೆ. ಅದನ್ನು ತಿದ್ದುವುದು ಹೇಗೆ? ಪ್ರೋಟಾನ್ ಕಿರಣವು ದೇಹದೊಳಗೆ ನಿಖರವಾಗಿ ಎಲ್ಲಿ ನಿಲ್ಲುತ್ತದೆ? ಯಂತ್ರದ ಬಳಿ ಒಂದೆರಡು ವರ್ಷ ದುಡಿದವರಿಗೆ ಇವು ಪುಸ್ತಕದ ಪ್ರಶ್ನೆಗಳಲ್ಲ. ಬೋಧನೆ, ಹೊಸ ಚಿಕಿತ್ಸಾವಿಧಾನಗಳ ರಚನೆ, ಯಂತ್ರಗಳ ವಿನ್ಯಾಸ ಇವುಗಳತ್ತ ಸಾಗುವವರಿಗೆ ಡಾಕ್ಟರೇಟ್ ನಿಜವಾದ ಬಲ.

ಕಾಲ, ವೆಚ್ಚ, ಹೊರದೇಶ

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳು ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷಗಳ ಅವಧಿಯನ್ನು ಗೊತ್ತುಪಡಿಸಿದವು. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನ ಪಡೆದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ದರ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000. ಮುಂಬಯಿಯಲ್ಲಿ 2005ರಲ್ಲಿ ಸ್ಥಾಪನೆಯಾದ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯ ಅಡಿಯಲ್ಲಿ ಭಾಭಾ ಕೇಂದ್ರವೂ ಟಾಟಾ ಸ್ಮಾರಕ ಕೇಂದ್ರವೂ ಸೇರಿವೆ. ಪ್ರಯೋಗಾಲಯವೂ ಆಸ್ಪತ್ರೆಯೂ ಒಂದೇ ನೆರಳಿನಲ್ಲಿರುವುದು ಈ ನಗರದ ವಿದ್ಯಾರ್ಥಿಗಳ ಭಾಗ್ಯ.

ಅಮೆರಿಕಕ್ಕೆ ಹೋಗಬಯಸುವವರೂ ಇದೇ ಎಚ್ಚರವನ್ನು ವಹಿಸಬೇಕು. ಅಲ್ಲಿ ಮಂಡಳಿ ಪರೀಕ್ಷೆಗೆ ಕುಳಿತುಕೊಳ್ಳಲು ಮಾನ್ಯತೆ ಪಡೆದ ಶಿಕ್ಷಣಕ್ರಮ 2012ರಿಂದ, ಮಾನ್ಯತೆ ಪಡೆದ ರೆಸಿಡೆನ್ಸಿ 2014ರಿಂದ ಕಡ್ಡಾಯವಾದವು. ರೆಸಿಡೆನ್ಸಿಯ ಅವಧಿ ಸಾಮಾನ್ಯವಾಗಿ ಎರಡು ವರ್ಷ, ಸ್ಥಾನಗಳಿಗೆ ತೀವ್ರ ಪೈಪೋಟಿ. ಅಲ್ಲಿಯೂ ಪಿಎಚ್.ಡಿ. ಒಂದೇ ಸಾಲದು.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ವೈದ್ಯಕೀಯ ಸೀಟು ಕೈತಪ್ಪಿತೆಂಬ ಕೊರಗನ್ನು ನೀಗಿಸಿಕೊಳ್ಳಲು, ಹೆಸರಿನ ಹಿಂದೆ 'ಡಾ.' ಸೇರಲೆಂದು ಮಕ್ಕಳನ್ನು ಈ ದಾರಿಗೆ ದೂಡುವುದು ಬೇಡ. ಲೆಕ್ಕದಲ್ಲಿ ಪ್ರೀತಿ, ಅಳತೆಯಲ್ಲಿ ತಾಳ್ಮೆ, ಕಾಣದ ರೋಗಿಯ ಬಗೆಗೆ ಕಳಕಳಿ ಇರುವ ಮಗುವಿದ್ದರೆ ಮೊದಲು ಅರ್ಹತೆ, ಅನಂತರ ಆಸ್ಪತ್ರೆಯ ಅನುಭವ, ಆಮೇಲೆ ಡಾಕ್ಟರೇಟ್ ಎಂಬ ಕ್ರಮವನ್ನು ಹೇಳಿಕೊಡೋಣ. ನಾಳೆ ಊರಿನಿಂದ ಬರುವ ಬಂಧುವಿನ ಚಿಕಿತ್ಸೆಯ ಅಳತೆಯನ್ನು ನೋಡುವ ಕೈ ನಮ್ಮ ಮನೆಯ ಮಗುವಿನದೂ ಆಗಿರಬಹುದು.