ಯುದ್ಧವಿಮಾನವೂ ಒಂದು ಕೂಡುಕುಟುಂಬ!

ಹುಡುಗಿ ಇಂಜಿನಿಯರ್ ಎಂದರೆ ನಮ್ಮ ಊರುಗಳಲ್ಲಿ ಇಂದಿಗೂ ಎರಡೇ ಅರ್ಥ. ಒಂದೋ ಮನೆ ಕಟ್ಟಿಸುವವಳು, ಇಲ್ಲವೇ ಕಂಪ್ಯೂಟರ್ ಮುಂದೆ ಕೂರುವವಳು. ಯುದ್ಧವಿಮಾನದ ಯೋಜನೆಗಳಲ್ಲಿ ‘ಹಿರಿಯ ಸಿಸ್ಟಮ್ಸ್ ಇಂಜಿನಿಯರ್’ ಎಂಬ ಕೆಲಸವೊಂದಿದೆ ಎಂದರೆ, “ಅಯ್ಯೋ, ಅದೆಲ್ಲ ನಮಗ್ಯಾಕೆ?” ಎಂದು ಪುಟ ಮಗುಚಬೇಡಿ ಸೋದರಿಯರೇ! ಈ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತದೆ. ಅದರ ತಿರುಳಂತೂ ಮನೆ ನಡೆಸುವ ಹೆಂಗಸಿಗೆ ಬೇಗ ಅರ್ಥವಾಗುವಂಥದು.

ಮದುವೆಗೆ ಮುನ್ನೂರು ಜನ ಎಂದು ಲೆಕ್ಕ ಹಾಕಿರುತ್ತೀರಿ. ಹಿಂದಿನ ದಿನ ಬೀಗರು “ಇನ್ನೂ ನೂರು ಜನ ಬರ್ತಾರೆ” ಅಂತಾರೆ. ಅಕ್ಕಿ ಹೆಚ್ಚಿಸಿದರೆ ಮುಗಿಯಿತೇ? ಕೊಳದಪ್ಪಲೆ ಸಾಲದು, ಇನ್ನೊಂದು ಒಲೆ ಬೇಕು, ನೀರು, ಎಲೆ, ಬಡಿಸುವ ಕೈ ಎಲ್ಲವೂ ಹೆಚ್ಚಬೇಕು. ಅಡುಗೆ ಭಟ್ಟರಿಗೆ ಅಡುಗೆಯ ಚಿಂತೆ, ಓಲಗದವರಿಗೆ ಓಲಗದ ಚಿಂತೆ. ಒಂದಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ತಲೆಯಲ್ಲಿಟ್ಟುಕೊಂಡು ಓಡಾಡುವವಳು ಮನೆಯ ಹಿರಿಯ ಹೆಂಗಸು, ಅಲ್ಲವೇ?

ವಿಮಾನದಲ್ಲೂ ಹಾಗೆಯೇ. ಇಂಜಿನ್, ರೇಡಾರ್, ಇಂಧನ, ಚಕ್ರ, ಚಾಲಕನ ಆಸನ, ಪ್ರತಿಯೊಂದಕ್ಕೂ ಬೇರೆ ಬೇರೆ ಪರಿಣತರು. ರೇಡಾರ್ ತುಸು ಭಾರವಾಯಿತು ಎನ್ನಿ. ವಿಮಾನದ ಸಮತೋಲ ಸರಿಯುತ್ತದೆ. ಅದಕ್ಕೆ ವಿದ್ಯುತ್ ಹೆಚ್ಚು ಬೇಕಾದರೆ ಬಿಸಿಯೂ ಹೆಚ್ಚುತ್ತದೆ, ತಂಪು ಮಾಡುವ ಏರ್ಪಾಡು ಸಾಲದೆ ಬರುತ್ತದೆ. ಇದನ್ನೆಲ್ಲ ಮೊದಲೇ ಊಹಿಸಿ, ಎಲ್ಲರನ್ನೂ ಕೂರಿಸಿ ಮಾತಾಡಿಸಿ, ಒಪ್ಪಿದ್ದನ್ನು ಬರೆದಿಡುವುದು ಸಿಸ್ಟಮ್ಸ್ ಇಂಜಿನಿಯರ್ ಕೆಲಸ. ವಿಮಾನ ಏನೇನು ಮಾಡಬೇಕೆಂಬುದಕ್ಕೆ ಒಂದೊಂದಕ್ಕೂ ಒಂದು ಸಂಖ್ಯೆ, ಒಂದೊಂದಕ್ಕೂ ಒಂದು ಪರೀಕ್ಷೆ. “ಇದು ಕೆಟ್ಟರೆ ಮುಂದೇನು?” ಎಂಬ ಪ್ರಶ್ನೆ ಬಾಯಲ್ಲೇ ಇರಬೇಕು.

ನಮ್ಮ ತೇಜಸ್ ವಿಮಾನವನ್ನೇ ನೋಡಿ. 1983ರಲ್ಲಿ ಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. 1984ರಲ್ಲಿ ಅದಕ್ಕೆಂದೇ ಬೆಂಗಳೂರಿನಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಹುಟ್ಟಿತು. 1995ರ ನವೆಂಬರಿನಲ್ಲಿ ಮೊದಲ ವಿಮಾನವನ್ನು ಹೊರತಂದು ಜನರಿಗೆ ತೋರಿಸಿದ್ದಾಯಿತು. ಆದರೆ ಅದು ನೆಲ ಬಿಟ್ಟದ್ದು 2001ರ ಜನವರಿ 4ರಂದು! ನಡುವೆ ಐದು ವರ್ಷ ಏನು ಮಾಡುತ್ತಿದ್ದರು?

ಚುರುಕಾಗಿ ತಿರುಗಲೆಂದು ಈ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರಚಿಸಿದ್ದಾರೆ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ, ಕ್ಷಣಕ್ಷಣಕ್ಕೂ ತಿದ್ದುತ್ತಲೇ ಇರಬೇಕು. ಮನುಷ್ಯನ ಕೈಗೆ ಅಷ್ಟು ವೇಗ ಎಲ್ಲಿ ಬರಬೇಕು? ಕಂಪ್ಯೂಟರ್ ತಿದ್ದುತ್ತದೆ. ಅದೇ ಕೆಟ್ಟರೆ? ಅದಕ್ಕೇ ನಾಲ್ಕು ಪಟ್ಟು ಏರ್ಪಾಡು. ಒಂದರ ಲೆಕ್ಕ ತಪ್ಪಿದರೆ ಉಳಿದ ಮೂರು ಅದನ್ನು ಬದಿಗೆ ಸರಿಸುತ್ತವೆ. ಈ ಕೆಲಸಕ್ಕಾಗಿ ಅಮೆರಿಕಕ್ಕೆ ಹೋಗಿದ್ದ ನಮ್ಮ ಇಂಜಿನಿಯರುಗಳು 1998ರ ಪೋಖರಣ್ ಅಣುಪರೀಕ್ಷೆಯ ನಂತರ ಮರಳಬೇಕಾಯಿತು. ಉಳಿದದ್ದನ್ನು ಬೆಂಗಳೂರಿನಲ್ಲೇ ಮುಗಿಸಿದರು. ‘ಐರನ್ ಬರ್ಡ್’ ಅಂದರೆ ಕಬ್ಬಿಣದ ಹಕ್ಕಿ ಎಂಬ ಚೌಕಟ್ಟಿನ ಮೇಲೆ ವಿಮಾನದ ನಿಯಂತ್ರಣದ ಭಾಗಗಳನ್ನೆಲ್ಲ ಜೋಡಿಸಿ, ನೆಲದ ಮೇಲೇ ಮತ್ತೆ ಮತ್ತೆ ಪರೀಕ್ಷಿಸಿದರು. 2016ರ ಜುಲೈ 1ರಂದು ತೇಜಸ್ ವಾಯುಪಡೆ ಸೇರಿತು.

ಇಷ್ಟು ಎಚ್ಚರ ಯಾಕೆಂದರೆ, ಒಳಗೆ ಕೂರುವವನು ಒಬ್ಬ ತಾಯಿಯ ಮಗ. 2024ರ ಮಾರ್ಚಿನಲ್ಲಿ ಜೈಸಲ್ಮೇರ್ ಬಳಿ ಒಂದು ತೇಜಸ್ ಬಿದ್ದಾಗ ಚಾಲಕ ಆಸನಸಮೇತ ಹೊರಚಿಮ್ಮಿ ಬದುಕಿಕೊಂಡರು. 2025ರ ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ಬಿದ್ದಾಗ ಚಾಲಕ ಉಳಿಯಲಿಲ್ಲ. ಇಂಥ ಸುದ್ದಿ ಕೇಳಿದ ದಿನ ಈ ಕೆಲಸದಲ್ಲಿರುವವರ ಮನೆಗಳಲ್ಲಿ ಊಟ ಗಂಟಲಲ್ಲಿ ಇಳಿಯುವುದಿಲ್ಲ. “ಎಲ್ಲರೂ ಅವಸರ ಮಾಡುವಾಗ, ಇನ್ನೂ ಒಂದು ಪರೀಕ್ಷೆ ಬಾಕಿ ಇದೆ ಅನ್ನೋದೇ ಕಷ್ಟದ ಕೆಲಸ ಅತ್ತೆ” ಎನ್ನುತ್ತಾಳೆ ಇಂಥದೇ ಕೆಲಸದಲ್ಲಿರುವ ನನ್ನ ಅಣ್ಣನ ಮಗಳು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಕಚೇರಿಯ ಗುಟ್ಟನ್ನು ಮನೆಯಲ್ಲಿ ಆಡುವಂತಿಲ್ಲವಲ್ಲ! ನೀವೂ ಅಂಥ ಮಗಳನ್ನೋ ಸೊಸೆಯನ್ನೋ ಕೆದಕಿ ಕೇಳಬೇಡಿ, ಬಿಸಿ ಕಾಫಿ ಕೊಟ್ಟು ಸುಮ್ಮನಿರಿ.

ಹೆಣ್ಣುಮಕ್ಕಳಿಗೆ ಇದು ಆಗುತ್ತದೆಯೇ? ವಿಮಾನಗಳ ವಿದ್ಯುನ್ಮಾನ ಉಪಕರಣಗಳನ್ನು ರೂಪಿಸುವ ಬೆಂಗಳೂರಿನ ಪ್ರಯೋಗಾಲಯದ ನಿರ್ದೇಶಕಿಯಾಗಿದ್ದ ಜೆ. ಮಂಜುಳಾ ಅವರು 2015ರಲ್ಲಿ ಡಿ.ಆರ್.ಡಿ.ಓ. ಸಂಸ್ಥೆಯ ಮೊದಲ ಮಹಿಳಾ ಮಹಾನಿರ್ದೇಶಕಿಯಾದರು. ಇನ್ನೇನು ಸಾಕ್ಷಿ ಬೇಕು?

ಮಗಳಿಗೆ ಆಸೆಯಿದ್ದರೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಬಿಡಿಸಬೇಡಿ. ಮುಂದೆ ಏರೋನಾಟಿಕಲ್, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಯಾವ ಇಂಜಿನಿಯರಿಂಗ್ ಓದಿದರೂ ಈ ಹಾದಿಗೆ ಬರಬಹುದು. ಡಿ.ಆರ್.ಡಿ.ಓ. ವಿಜ್ಞಾನಿ ಹುದ್ದೆಗೆ ‘ಗೇಟ್’ ಪರೀಕ್ಷೆಯ ಅಂಕ ನೋಡುತ್ತಾರೆ. ಸೇರಿದ ಕೂಡಲೇ ಯಾರೂ ‘ಹಿರಿಯ’ರಾಗುವುದಿಲ್ಲ. ಮೊದಲು ಒಂದು ಸಣ್ಣ ಭಾಗದಲ್ಲಿ ವರ್ಷಗಟ್ಟಲೆ ಪಳಗಬೇಕು.

ಪ್ರತಿಯೊಂದಕ್ಕೂ “ಯಾಕೆ? ಹಾಗಾಗದಿದ್ದರೆ?” ಎಂದು ಕೇಳಿ ನಿಮ್ಮ ತಲೆ ತಿನ್ನುವ ಹುಡುಗಿ ಮನೆಯಲ್ಲಿದ್ದರೆ, ಗದರಿಸಿ ಬಾಯಿ ಮುಚ್ಚಿಸಬೇಡಿ. ನಾಳೆ ಅದೇ ಪ್ರಶ್ನೆ ಒಂದು ಜೀವ ಉಳಿಸೀತು.